ಮತ್ತೆ ಬನ್ನಿ ಎನ್ನದ ಅಂಗಡಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂಗಡಿಯ ಷಟರ್ ಹಸಿರು ಬಣ್ಣದ್ದೆಂದು ನನ್ನ ನೆನಪು. ಅಪ್ಪ ನೀಲಿ ಎನ್ನುತ್ತಾರೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಇಬ್ಬರು ಸಾಕ್ಷಿಗಳು ಎರಡು ಬಣ್ಣ ಹೇಳಿದರೆ ಎರಡನ್ನೂ ಬರೆದಿಡಬೇಕೆಂದು ನಮಗೆ ಕಲಿಸಿದ್ದರು, ಬರೆದಿಟ್ಟಿದ್ದೇನೆ. ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ಅಂಗಡಿಗೆ ವೆಬ್‌ಸೈಟ್ ಮಾಡಿದ ಆ ವರ್ಷದ ಪುಟಗಳನ್ನು ತಿರುವಿದರೆ ಸಿಗುವುದು ‘ಚಿತ್ರಗಳ ಭಾರ ಇಳಿಸಬೇಕು’, ‘ಪುಟ ತೆರೆಯುವುದು ತಡ’ ಎಂಬಂಥ ಸಾಲುಗಳು. ಮನುಷ್ಯರ ಬಗ್ಗೆ ಏನೂ ಇಲ್ಲ. ಅಷ್ಟೊಂದು ಮುಖ್ಯವಾದದ್ದನ್ನು ಯಾಕೆ ಬಿಟ್ಟೆ, ಅಥವಾ ಅದು ಮುಖ್ಯವಾದದ್ದೇ ಆಮೇಲೆಯೋ, ಹೇಳಲಾರೆ.

ಅಂಗಡಿ ನನ್ನ ಸೋದರತ್ತೆಯದು, ಅಪ್ಪನ ಅಕ್ಕನದು. ಸುಲ್ತಾನ್ ಬಜಾರಿನ ಒಂದು ಒಳಗಲ್ಲಿಯಲ್ಲಿ, ಬಳೆಯ ಅಂಗಡಿಗೂ ರವಿಕೆ ಬಟ್ಟೆಯ ಅಂಗಡಿಗೂ ನಡುವೆ, ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುವಷ್ಟು ಜಾಗ. ಅಲ್ಲಿ ಮಾರುತ್ತಿದ್ದದ್ದು ಬಾಸಿಂಗ ಮತ್ತು ದಂಡಿ ಮಾತ್ರ. ಮದುವೆಯಲ್ಲಿ ಮದುಮಗ ಮದುಮಗಳ ಹಣೆಗೆ ಕಟ್ಟುತ್ತಾರಲ್ಲ, ಅವು. ಬೆಂಡನ್ನು ಕತ್ತರಿಸಿ, ಜರಿ ಕಾಗದ ಅಂಟಿಸಿ, ಮಣಿ ಪೋಣಿಸಿ ಅತ್ತೆಯೇ ಮಾಡುತ್ತಿದ್ದಳು. ಅಜ್ಜ ಗುಲಬರ್ಗಾ ಕಡೆಯಿಂದ ಹೈದರಾಬಾದಿಗೆ ಬಂದು ಹಾಕಿದ ಅಂಗಡಿ ಅದು. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಗೆ ಸೇರಿ ಕ್ವಾರ್ಟರ್ಸಿಗೆ ಹೋದರು. ಅತ್ತೆ ಅಜ್ಜನ ಜೊತೆ ಉಳಿದಳು, ಅಜ್ಜ ಹೋದ ಮೇಲೆ ಒಬ್ಬಳೇ. ಅವಳಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೊಂದು ಕಾರಣ ಸಿಗುತ್ತಿತ್ತು. ಅವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ಅಂಗಡಿಗೆ ಅದರದೇ ಒಂದು ರೀತಿಯಿತ್ತು. ನಮ್ಮಲ್ಲಿ ಎದ್ದು ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಕಳಿಸುವವರೂ ‘ಬರ್ರಿ’ ಎಂದೇ ಕಳಿಸುತ್ತಾರೆ. ಬಾಸಿಂಗ ಕೊಂಡವರು ಮಾತ್ರ ಆ ಮಾತನ್ನು ಆಡುವಂತಿರಲಿಲ್ಲ. ಬಾಸಿಂಗದ ಅಂಗಡಿಗೆ ಮತ್ತೆ ಬರುವುದೆಂದರೇನು? ಅದಕ್ಕೇ ಅಜ್ಜನ ಕಾಲದಿಂದ ಕಟ್ಟುನಿಟ್ಟು: ಹಳದಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡಬೇಕು, ‘ಚಲೋ ಆಗ್ಲಿ’ ಅನ್ನಬೇಕು, ಮುಂದಿನ ಕೆಲಸಕ್ಕೆ ತಲೆ ಬಾಗಿಸಬೇಕು. ಕೊಂಡವರೂ ಸುಮ್ಮನೆ ಮೆಟ್ಟಿಲಿಳಿಯಬೇಕು. ಮರೆತು ಯಾರಾದರೂ ‘ಬರ್ತೀವ್ರಿ ಅಕ್ಕಾರ’ ಎಂದರೆ ಅತ್ತೆ ಕೇಳಿಸಿಕೊಂಡವಳಂತೆಯೇ ಇರುತ್ತಿರಲಿಲ್ಲ. “ಇನ್ನೊಬ್ಬ ಮಗ ಅದಾನ್ರಿ ನಮಗ” ಎಂದು ಒಬ್ಬರು ಸಮಜಾಯಿಷಿ ಕೊಟ್ಟರೆ, “ಅವನ ಮದಿವಿಗಿ ಅವನ ಹೆಸರ ಹೇಳಿ ಬರ್ರಿ, ಇವನ ಹೆಸರ ಮ್ಯಾಲ ಬ್ಯಾಡ” ಎಂದಿದ್ದಳು.

ಇನ್ನೂ ಕೆಲವು ನೇಮ. ತನ್ನ ಮದುವೆಗಲ್ಲದೆ ಯಾರೂ ಬಾಸಿಂಗವನ್ನು ಹಣೆಗೆ ಹಚ್ಚಿ ನೋಡಬಾರದು. ಒಮ್ಮೆ ಕಟ್ಟಿದ್ದನ್ನು ಮಾರಬಾರದು. ಮದುವೆ ಮುಗಿದ ಮೇಲೆ ಅದನ್ನು ದೇವರ ಜಗಲಿಯ ಮೇಲೆ ತೂಗು ಹಾಕಬೇಕು, ಇಲ್ಲವೇ ಹರಿಯುವ ನೀರಿಗೆ ಬಿಡಬೇಕು.

ನಾನು ಓದು ಮುಗಿಸಿದ ಹೊತ್ತಿಗೆ ಊರೆಲ್ಲ ಕಂಪ್ಯೂಟರಿನ ಮಾತು. ಇತಿಹಾಸಕ್ಕೆ ಕೆಲಸವಿಲ್ಲವೆಂದು ಅಮೀರ್‌ಪೇಟೆಯಲ್ಲಿ ವೆಬ್‌ಸೈಟ್ ಮಾಡುವ ಕೋರ್ಸಿಗೆ ಸೇರಿದೆ. ಅಲ್ಲಿನ ಗೋಡೆಗಳ ಮೇಲೆ ಗೋಡೆಯೇ ಕಾಣದಷ್ಟು ಕೋರ್ಸುಗಳ ಹೆಸರು. ನಮಗೆ ಕಲಿಸುತ್ತಿದ್ದ ಮೇಷ್ಟ್ರು ಎರಡೇ ಮಾತನ್ನು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು: ಹುಡುಕುವವರಿಗೆ ಸಿಗಬೇಕು, ಸಿಕ್ಕವರು ಮತ್ತೆ ಮತ್ತೆ ಬರಬೇಕು.

ಅದೇ ವರ್ಷ ಅಪ್ಪ ಅಂಗಡಿಯ ವಿಷಯ ಎತ್ತಿದರು. ಫಂಕ್ಷನ್ ಹಾಲಿನವರೇ ಹೂವು, ಅಡುಗೆ, ಬ್ಯಾಂಡು, ಬಾಸಿಂಗ ಎಲ್ಲ ಒಟ್ಟಿಗೆ ಒದಗಿಸುವ ಕಾಲ ಬಂದಿತ್ತು. ಅತ್ತೆಯ ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಬಳೆಯಂಗಡಿಯವನು ನಡುವಿನ ಗೋಡೆ ಒಡೆದು ಜಾಗವನ್ನು ತಾನೇ ತಗೊಳ್ಳುತ್ತೇನೆಂದು ಹಿಂದೆ ಬಿದ್ದಿದ್ದ.

“ಅಕ್ಕಾ, ಸಾಕು ಮಾಡು. ನಮ್ಮ ಕೂಡ ಬಂದಿರು. ಕ್ವಾರ್ಟರ್ಸಿನ್ಯಾಗ ನೀರೈತಿ, ಗಾಳಿ ಐತಿ” ಎಂದರು ಅಪ್ಪ.

“ನೀರು, ಗಾಳಿ ನನಗೇನ್ ಮಾಡಾಕ? ನಾ ಏನ್ ಗಿಡಾನ?” ಎಂದಳು ಅತ್ತೆ.

“ಹಂಗಲ್ಲಕ್ಕಾ. ಒಬ್ಬಾಕಿ ಈ ಗಲ್ಲಿಯಾಗ…”

“ಒಬ್ಬಾಕಿ ಎಲ್ಲಿದೀನಿ? ದಿನಾ ಒಂದು ಮದಿವಿ ನನ್ನ ಕೈಯಾಗ ಆಕ್ಕೈತಿ.”

ಅಪ್ಪ ಕೆಟ್ಟವರಲ್ಲ. ಅಕ್ಕ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವುದನ್ನು ಅವರು ಕಂಡಿದ್ದರು. ಆದರೂ ಆ ಅಂಗಡಿ ಹೋದರೆ ಅತ್ತೆಗೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂಬುದು ನನಗೆ ಕಾಣುತ್ತಿತ್ತು. ನಮ್ಮ ಮನೆಗೆ ಬಂದರೆ ಅವಳು ತಮ್ಮನ ಮನೆಯಲ್ಲಿರುವ ಅಕ್ಕ, ಅಷ್ಟೇ. ಕೊನೆಗೆ ಒಪ್ಪಂದವಾಯಿತು: ಬರುವ ವೈಶಾಖದ ಮುಹೂರ್ತಗಳು ಮುಗಿಯುವವರೆಗೆ ನೋಡುವುದು, ವ್ಯಾಪಾರ ಏಳದಿದ್ದರೆ ಬಳೆಯಂಗಡಿಯವನಿಗೆ ಕೊಟ್ಟುಬಿಡುವುದು. ನಾನು ನಡುವೆ ಬಾಯಿ ಹಾಕಿ, ಅಂಗಡಿಗೊಂದು ವೆಬ್‌ಸೈಟ್ ಮಾಡುತ್ತೇನೆ ಎಂದೆ. ಅಪ್ಪ ನಕ್ಕರು. ಅತ್ತೆ ನಗಲಿಲ್ಲ. “ಮಾಡು ನನ್ನವ್ವ. ಅದರಾಗ ಧೂಳ ಕೂಡಂಗಿಲ್ಲಲ್ಲ?” ಎಂದಳು.

ಮೊದಲನೆಯ ಪುಟವನ್ನು ನೆನೆದರೆ ಈಗ ನಗು ಬರುತ್ತದೆ. ಕೆಂಪು ಹಿನ್ನೆಲೆ, ಅಂಚಿಗೆ ಮಾವಿನೆಲೆಯ ತೋರಣ, ತೆರೆದ ಕೂಡಲೇ ಶಹನಾಯಿ. ಆಗ ಎಲ್ಲರ ಕಂಪ್ಯೂಟರಿನಲ್ಲೂ ಕನ್ನಡದ ಅಕ್ಷರ ಮೂಡುತ್ತಿರಲಿಲ್ಲ, ಚೌಕಗಳು ಬರುತ್ತಿದ್ದವು. ಅದಕ್ಕೆ ನಾನು ಕನ್ನಡದಲ್ಲಿ ಚಂದವಾಗಿ ಬರೆದು, ಆ ಬರಹವನ್ನೆಲ್ಲ ಚಿತ್ರ ಮಾಡಿ ಹಾಕಿದ್ದೆ. ಇಂಟರ್ನೆಟ್ ಕೆಫೆಗೆ ಅತ್ತೆಯನ್ನು ಕರೆದೊಯ್ದು ತೋರಿಸಿದೆ. ಪುಟ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಬಾಸಿಂಗದ ಚಿತ್ರ ಬರುವ ಮೊದಲೇ ಶಹನಾಯಿ ಒಂದು ಸುತ್ತು ಮುಗಿಸಿತು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

“ಅಂಗಡಿ ಮೆಟ್ಟಲಾ ಹತ್ತಿದ ಕೂಡ್ಲೆ ಕಿವಿಯಾಗ ಊದಿದ್ರ ಯಾರ್ ನಿಂದರ್ತಾರ?” ಎಂದಳು ಅತ್ತೆ. ಶಹನಾಯಿಯನ್ನು ಅಂದೇ ತೆಗೆದೆ.

ಪುಟದ ತಳದಲ್ಲಿ ಬಂದವರನ್ನು ಎಣಿಸುವ ಒಂದು ಅಂಕಿ ಇತ್ತು. ಅದು ದಿನಾ ಏರುತ್ತಿತ್ತು. ಅಪ್ಪನಿಗೆ ತೋರಿಸಿ ಬೀಗಿದೆ. “ಇದರಾಗ ನಿನ್ನವೆಷ್ಟು?” ಎಂದು ಕೇಳಿದರು. ಹೆಚ್ಚುಕಡಿಮೆ ಎಲ್ಲವೂ ನನ್ನವೇ. ಅಂಗಡಿಯ ಸಾಮಾನಿನ ಹೆಸರು ಹಾಕಿ ಹುಡುಕಿದರೆ ನಮ್ಮ ಪುಟ ಎಲ್ಲೂ ಬರುತ್ತಿರಲಿಲ್ಲ. ಮೇಷ್ಟ್ರಿಗೆ ತೋರಿಸಿದೆ. ಅವರು ನೋಡಿ, “ಹುಡುಕುವ ಯಂತ್ರಕ್ಕೆ ಕಣ್ಣಿಲ್ಲಮ್ಮಾ, ಅದು ಓದುತ್ತದೆ. ನೀನು ಓದಲಿಕ್ಕೆ ಏನೂ ಇಟ್ಟಿಲ್ಲ” ಎಂದರು. ನಾನು ಬರೆದ ಚಂದದ ಕನ್ನಡವೆಲ್ಲ ಅದಕ್ಕೆ ಬರೀ ಚಿತ್ರ.

ಮತ್ತೆ ಕೂತೆ. ಈ ಸಲ ಮೊದಲು ಅಂಗಡಿಯಲ್ಲಿ ಕೂತು, ಮೆಟ್ಟಿಲ ಮೇಲೆ ನಿಂತವರು ಏನೆಂದು ಕೇಳುತ್ತಾರೆ ಎಂದು ಕಿವಿಗೊಟ್ಟೆ. ನಮ್ಮವರು ಬಾಸಿಂಗ ಎನ್ನುತ್ತಿದ್ದರು, ತೆಲುಗಿನವರು ಬಾಸಿಕಂ, ಮರಾಠಿಯವರು ಮುಂಡಾವಳಿ. ಕಾಲೇಜು ಓದಿದ ಹುಡುಗಿಯರು ಯಾವ ಹೆಸರೂ ಗೊತ್ತಿಲ್ಲದೆ ಹಣೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ‘ಮದುವೆಯಲ್ಲಿ ಹಣೆಗೆ ಕಟ್ಟುವುದು’ ಎಂದೂ ಸೇರಿಸಿ, ಪುಟದ ನೆತ್ತಿಯ ಮೇಲೆ ಸುಲ್ತಾನ್ ಬಜಾರ್, ಹೈದರಾಬಾದ್ ಎಂದು ಹಾಕಿದೆ. ಕೆಲವು ವಾರಗಳಲ್ಲಿ ಹುಡುಕಿದವರಿಗೆ ಪುಟ ಸಿಗತೊಡಗಿತು. ಅಂಗಡಿಗೆ ಫೋನು ಬರಲು ಶುರುವಾಯಿತು. ಮೇಷ್ಟ್ರ ಮೊದಲ ಮಾತು ಗೆದ್ದಿತ್ತು.

ಇನ್ನು ಎರಡನೆಯದು, ಬಂದವರು ಮತ್ತೆ ಮತ್ತೆ ಬರಬೇಕು. ಅದಕ್ಕೆ ನಾನೊಂದು ಚಮತ್ಕಾರ ಮಾಡಿದೆ. ಪುಟ ನೋಡಿದವರ ಕಂಪ್ಯೂಟರಿನಲ್ಲಿ ಒಂದು ಸಣ್ಣ ಗುರುತು ಉಳಿಯುತ್ತದೆ. ಅದೇ ಕಂಪ್ಯೂಟರಿನಿಂದ ಇನ್ನೊಮ್ಮೆ ತೆರೆದರೆ ಪುಟವೇ ಗುರುತು ಹಿಡಿದು ಮಾತಾಡಿಸುತ್ತದೆ: ‘ಮತ್ತೆ ಬಂದಿರಿ, ಸಂತೋಷ! ಇದು ನಿಮ್ಮ ಎರಡನೇ ಭೇಟಿ.’ ಕೆಳಗೆ, ಹೋಗುವವರಿಗೆ, ‘ಮತ್ತೆ ಬನ್ನಿ’ ಎಂದು ಓಡುವ ಅಕ್ಷರಗಳು. ಹುಟ್ಟಿದಾಗಿನಿಂದ ಆ ಅಂಗಡಿಯ ರೀತಿ ಕಂಡವಳು ನಾನು. ಆದರೂ ಕಂಪ್ಯೂಟರಿನ ಮುಂದೆ ಕೂತಾಗ ಅದು ನನಗೆ ಹೊಳೆಯಲೇ ಇಲ್ಲ. ಅಂಗಡಿ ಬೇರೆ, ವೆಬ್‌ಸೈಟ್ ಬೇರೆ ಎಂದುಕೊಂಡಿದ್ದೆನೋ ಏನೋ.

ಸಿಕಂದರಾಬಾದಿನಿಂದ ಒಂದು ಕುಟುಂಬ ಬಂತು: ಮದುಮಗಳಾಗುವ ಹುಡುಗಿ, ಅವಳ ತಾಯಿ, ಅಜ್ಜಿ. ಫೋನಿನಲ್ಲಿ ಮಾತಾಡಿ ದೊಡ್ಡ ಆರ್ಡರ್ ಹೇಳಿದ್ದವರು; ಹುಡುಗಿಯ ಮದುವೆಯೂ ಅವಳ ಚಿಕ್ಕಪ್ಪನ ಮಗನ ಮದುವೆಯೂ ಒಂದೇ ಚಪ್ಪರದಲ್ಲಿ. ಅಜ್ಜಿ ಮೆಟ್ಟಿಲ ಮೇಲೇ ನಿಂತರು.

“ಏನ್ರಿ ಅಕ್ಕಾರ, ನಮ್ಮ ಹುಡಿಗಿದು ಇದ ಮೊದಲ್ನೇ ಮದಿವಿ. ನಿಮ್ಮ ಕಂಪ್ಯೂಟರ್ ಇಕಿಗೆ ಎರಡ್ನೇ ಸಲ ಬಂದೀರಿ, ಸಂತೋಷ ಅಂತಂದು ಹೇಳ್ತಂತಲ್ರಿ? ಏನ್ ಸಂತೋಷ ಅದು?”

ಹುಡುಗಿ ನಗು ತಡೆದುಕೊಳ್ಳಲಾರದೆ, “ಅಜ್ಜಿ, ಅದು ಕೆಫೆ ಕಂಪ್ಯೂಟರ್. ನನ್ನಕಿಂತ ಮೊದ್ಲು ಬೇರೆ ಯಾರೋ ನೋಡಿರ್ತಾರ” ಎಂದಳು.

“ಬೇರೆ ಯಾರೋ ನೋಡಿದ್ದು ನಿನ್ನ ಹಣಿಗ್ಯಾಕ ಹತ್ತಬೇಕು?”

ಯಂತ್ರ ನೆನಪಿಟ್ಟದ್ದು ಕಂಪ್ಯೂಟರನ್ನು, ಹುಡುಗಿಯನ್ನಲ್ಲ. ಸರಿಯಾಗಿ ನೆನಪಿಟ್ಟು ತಪ್ಪು ವ್ಯಕ್ತಿಗೆ ಹೇಳಿತ್ತು. ಹೀಗೆ ವಿವರಿಸಲು ಹೊರಟೆ, ಅತ್ತೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

“ನಿಮಗ ಮನಸು ಕಸಿವಿಸಿ ಆಗೇದ. ಅಂಥಾ ಮನಸಿನ್ಯಾಗ ನಮ್ಮಲ್ಲಿ ತಗೋಬ್ಯಾಡ್ರಿ. ಬ್ಯಾರೆ ಕಡೆ ತಗೋರಿ, ಚಲೋ ಆಗ್ಲಿ” ಎಂದಳು. ಅವರು ಹೋದರು. ಹುಡುಗಿ ಗಲ್ಲಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು ಎಂದು ನನ್ನ ನೆನಪು. ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅತ್ತೆ ಬೆಂಡು ಕತ್ತರಿಸುತ್ತಲೇ ಹೇಳಿದಳು: “ಅಳಬ್ಯಾಡ. ಆದ್ರ ಆ ‘ಮತ್ತ ಬರ್ರಿ’ ತಗದುಬಿಡು. ನಮ್ಮ ಕಡೆ ಮಂದಿ ಒಮ್ಮೆ ಬರ್ತಾರ. ಆ ಒಂದ್ ಸಲಾನ ಸಾವಕಾಶ ಕೂಡಿಸು.”

ಸುದ್ದಿ ಅಪ್ಪನಿಗೂ ಮುಟ್ಟಿತು. ಅವರು ಹೋಗಿ ಬಳೆಯಂಗಡಿಯವನ ಜೊತೆ ಚಹಾ ಕುಡಿದು ಬಂದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಗುರುತು ಹಿಡಿಯುವ ಚಮತ್ಕಾರ, ಓಡುವ ಅಕ್ಷರ, ಎಣಿಸುವ ಅಂಕಿ ಎಲ್ಲವನ್ನೂ ಕಿತ್ತುಹಾಕಿದೆ. ಬಂದವರು ಒಂದೇ ಸಲ ಬರುವುದಾದರೆ ಅವರಿಗೆ ಏನು ಬೇಕು? ಫೋನು ಮಾಡುವವರೆಲ್ಲ ಕೇಳುತ್ತಿದ್ದದ್ದು ಹೆಚ್ಚಾಗಿ ಒಂದೇ: ಇದನ್ನು ಕಟ್ಟುವುದು ಹೇಗೆ? ಹುಬ್ಬಿನಿಂದ ಎಷ್ಟು ಮೇಲೆ? ಇಳಿಬಿದ್ದ ಮಣಿಸರ ಕೆನ್ನೆಯ ಮೇಲಿರಬೇಕೋ ಕಿವಿಯ ಹಿಂದೆಯೋ? ದಾರ ಕಟ್ಟುವವರು ಸೋದರಮಾವನೇ ಆಗಬೇಕೆ, ಅವನು ಬೇರೆ ದೇಶದಲ್ಲಿದ್ದರೆ ಯಾರು? ಊರಲ್ಲಾದರೆ ಹಿರಿಯರೊಬ್ಬರು ಮುಂದೆ ನಿಂತು ಮಾಡುತ್ತಿದ್ದ ಕೆಲಸ. ಇಲ್ಲಿ ಫ್ಲ್ಯಾಟುಗಳಲ್ಲಿ ಅಂಥವರಿರಲಿಲ್ಲ. ಕಟ್ಟುವ ಬಗೆಯನ್ನು ಹಂತ ಹಂತವಾಗಿ ಚಿತ್ರಗಳಲ್ಲಿ ತೋರಿಸಿದರೆ ಬಂದವರು ಓದುತ್ತ ನಿಲ್ಲುತ್ತಾರೆ ಎನಿಸಿತು.

ಆದರೆ ಚಿತ್ರಕ್ಕೆ ಹಣೆ ಬೇಕು. ಮದುವೆಯಾಗದವರು ಕಟ್ಟಿ ನೋಡುವಂತಿಲ್ಲ. ಮದುವೆಯಾದವರು ಎರಡನೇ ಸಲ ಕಟ್ಟುವಂತಿಲ್ಲ. ತಂಬಿಗೆಗೆ ಕಟ್ಟಿದೆವು, ಜಾರಿತು. ರವಿಕೆ ಬಟ್ಟೆಯ ಅಂಗಡಿಯವನಿಂದ ಪ್ಲಾಸ್ಟರಿನ ಬೊಂಬೆಯ ತಲೆ ತಂದೆವು. ಅದರ ನೀಲಿ ಕಣ್ಣು, ಮುರಿದ ಮೂಗು ನೋಡಿ ಅತ್ತೆ, “ಈ ಮದಿವಿಗಿ ಯಾರೂ ಊಟಕ್ಕ ಬರಂಗಿಲ್ಲ” ಎಂದಳು. ನನಗೇ ಕಟ್ಟು ಎಂದೆ. “ನಿನ್ನ ಅಪ್ಪ ನನ್ನ ಕೊಂದಾನು” ಎಂದಳು.

ಒಂದು ಮಧ್ಯಾಹ್ನ, ಬಜಾರು ಉಂಡು ತೂಕಡಿಸುವ ಹೊತ್ತು, ಅತ್ತೆ ಷಟರನ್ನು ಅರ್ಧ ಇಳಿಸಿದಳು. ಹೊಸದಾಗಿ ಮಾಡಿದ ಬಾಸಿಂಗಗಳಲ್ಲಿ ಒಂದನ್ನು ಆರಿಸಿದಳು. ಬಿಳಿ ಮಣಿ, ನಡುವೆ ಒಂದು ಕೆಂಪು. ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಬಾಗಿಲ ಕಡೆಗೆ ಬೆಳಕಿಗೆ ಕೂತಳು.

“ತಗಿ.”

“ಅತ್ತಿ, ನೀ?”

“ನನಗ ಇನ್ನ ಯಾರ್ ಬೈತಾರ? ಲಗೂ ತಗಿ, ಗಿರಾಕಿ ಬರ್ತಾವ.”

ಇಲ್ಲಿಂದ ನನ್ನ ನೆನಪನ್ನು ನಾನೇ ನಂಬಲಾರೆ. ದಾರವನ್ನು ಹಿಂದೆ ಗಂಟು ಹಾಕಿದವಳು ನಾನು, ಅದು ಖಂಡಿತ. ಅವಳ ಕೂದಲಿನ ಎಣ್ಣೆ ಬೆರಳಿಗೆ ಹತ್ತಿದ್ದು ನೆನಪಿದೆ. ಕ್ಯಾಮೆರಾ ಅಮೀರ್‌ಪೇಟೆಯ ಗೆಳತಿಯಿಂದ ಕಡ ತಂದದ್ದು. ಅತ್ತೆ ಹೇಳಿಕೊಡುತ್ತಿದ್ದಳು: ಇಷ್ಟು ಮೇಲೆ, ಈ ಸರ ಇಲ್ಲಿ. ನಾನು ತೆಗೆಯುತ್ತ ಹೋದೆ. ಕೊನೆಯದಕ್ಕೆ ಅವಳು ಕಣ್ಣು ಮುಚ್ಚಿದಳು. ಮುಗೀತು ಅತ್ತಿ ಎಂದೆ. ಅವಳು ಎದ್ದಳು, ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತಳು. ಅಥವಾ ಕನ್ನಡಿ ಅಲ್ಲಿ ಇರಲೇ ಇಲ್ಲವೇನೋ. ಯಾರೂ ಹಣೆಗೆ ಹಚ್ಚಿ ನೋಡಬಾರದ ಅಂಗಡಿಯಲ್ಲಿ ಕನ್ನಡಿ ಯಾಕಿರಬೇಕು? ಆದರೂ ನನಗೆ ಕಾಣುವುದು ಕನ್ನಡಿಯ ಮುಂದೆ ಬೆನ್ನು ತಿರುಗಿಸಿ ನಿಂತ ಅತ್ತೆಯೇ. ನಾನು ಬಿಚ್ಚಲು ಹೋದೆ. “ನೀ ನಡಿ, ಬಸ್ಸು ತಪ್ಪೀತು. ನಾ ಬಿಚ್ಚಿಕೋತೀನಿ” ಎಂದಳು. ನಾನು ಬಗ್ಗಿ ಷಟರಿನಡಿಯಿಂದ ಹೊರಬಂದೆ.

ಮುಖ ಕಾಣಬಾರದು ಎಂಬುದು ಅವಳ ಷರತ್ತು. ಹುಬ್ಬಿನಿಂದ ಹಣೆಯವರೆಗೆ ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಿದೆ. ಕೊನೆಯ ಚಿತ್ರದಲ್ಲಷ್ಟೇ ಮುಚ್ಚಿದ ಕಣ್ಣು ಉಳಿಯಿತು. ಪುಟ ಬೇಗ ತೆರೆಯಲೆಂದು ಚಿತ್ರಗಳ ಭಾರ ಇಳಿಸಿದೆ, ಒಂದೊಂದು ಚಿತ್ರದ ಕೆಳಗೆ ಅತ್ತೆ ಹೇಳಿದ ಮಾತನ್ನೇ ಬರೆದೆ. ಸೋದರಮಾವ ಬರಲಾಗದಿದ್ದರೆ ಮನೆಯ ಯಾವ ಹಿರಿಯರು ಕಟ್ಟಿದರೂ ನಡೆಯುತ್ತದೆ ಎಂಬುದನ್ನೂ. ಕೆಳಗೆ ಎರಡೇ ಪದ: ‘ಚಲೋ ಆಗ್ಲಿ.’

ಆ ಪುಟವೇ ಹಬ್ಬಿತು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ಮದುವೆಯ ವಿಷಯ ಬರೆಯುವ ಬೇರೆ ಪುಟಗಳಲ್ಲಿ ಅದರ ವಿಳಾಸ ಕಾಣಿಸಿಕೊಂಡಿತು, ಹುಡುಕಿದವರಿಗೆ ನಮ್ಮದೇ ಮೊದಲು ಸಿಗುವಂತಾಯಿತು. ಕಟ್ಟುವ ಬಗೆ ನೋಡಲು ಬಂದವರು ಅಲ್ಲೇ ಬಾಸಿಂಗ ಆರಿಸಿ ಫೋನು ಮಾಡಿದರು. ವೈಶಾಖ ಬರುವ ಹೊತ್ತಿಗೆ ಅತ್ತೆಗೆ ಕೈ ಸಾಲುತ್ತಿರಲಿಲ್ಲ. ಅಮ್ಮನೂ ನಾನೂ ಮಣಿ ಪೋಣಿಸಲು ಕೂತೆವು. ಮುಹೂರ್ತಗಳು ಮುಗಿದ ಮೇಲೆ ಅಪ್ಪ ಬಜಾರಿಗೆ ಬಂದರು, ಕಟ್ಟೆಯ ಮೇಲೆ ಕೂತು ಗೋಡೆ ನೋಡಿದರು.

“ಗ್ವಾಡಿಗೆ ಸುಣ್ಣಾ ಹಚ್ಚಿಸಬೇಕಲ್ಲಕ್ಕಾ” ಎಂದರು.

“ಒಡಿಸಾಂವ ಇದ್ದಿ, ಈಗ ಸುಣ್ಣಾನ?” ಎಂದಳು ಅತ್ತೆ. ಇಬ್ಬರೂ ನಕ್ಕರು. ಆ ಮಾತು ಅಲ್ಲಿಗೆ ಮುಗಿಯಿತು. ಅಂಗಡಿ ಉಳಿಯಿತು.

ಕೆಲವು ವರ್ಷಗಳ ನಂತರ ನನ್ನ ಮದುವೆಗೂ ಅಲ್ಲಿಂದಲೇ ಬಾಸಿಂಗ. ಹಳದಿ ಬಟ್ಟೆ ಸುತ್ತಿ ಕೊಟ್ಟು ‘ಚಲೋ ಆಗ್ಲಿ’ ಎಂದು ಅತ್ತೆ ತಲೆ ಬಾಗಿಸಿಬಿಟ್ಟಳು. ಯಾವತ್ತೂ ‘ಬಾ ನನ್ನವ್ವ’ ಎನ್ನುತ್ತಿದ್ದವಳು. ರೀತಿ ಗೊತ್ತಿದ್ದರೂ ಮೆಟ್ಟಿಲಿಳಿಯುವಾಗ ನನಗೆ ಒಂದು ಥರವಾಯಿತು.

ಈಗ ಆ ವೆಬ್‌ಸೈಟ್ ಇಲ್ಲ. ಹೊಸ ಹೊಸ ರೀತಿಯಲ್ಲಿ ಜನ ಅತ್ತೆಯನ್ನು ಹುಡುಕಿಕೊಳ್ಳುತ್ತಾರೆ. ನಾನು ಅದನ್ನು ನವೀಕರಿಸುವುದನ್ನು ಬಿಟ್ಟೆ, ಒಂದು ದಿನ ಮಾಯವಾಯಿತು. ಕತ್ತರಿಸದ ಫೋಟೊಗಳಿದ್ದ ಸಿ.ಡಿ. ಗೀರು ಬಿದ್ದು ತೆರೆಯುವುದಿಲ್ಲ. ಆದ್ದರಿಂದ ಬಾಸಿಂಗ ಕಟ್ಟಿದ ಅತ್ತೆಯ ಪೂರ್ತಿ ಮುಖ ಕಂಡವಳು ನಾನೊಬ್ಬಳೇ, ಮತ್ತೆ ಆ ಕನ್ನಡಿ, ಅದು ಇದ್ದದ್ದು ನಿಜವಾಗಿದ್ದರೆ.

ಶಂಶಾಬಾದಿನ ಹತ್ತಿರ ಮನೆ ಮಾಡಿದ ಮೇಲೆ ಬಜಾರಿಗೆ ಹೋಗುವುದು ಅಪರೂಪ. ಹೋದಾಗ ಅಂಗಡಿಯ ಮೇಲಿನ ಅತ್ತೆಯ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತೇನೆ. ಅವಳ ದೇವರ ಜಗಲಿಯ ಮೇಲೆ ಪಟಗಳ ಹಿಂದೆ ಹಳದಿ ಬಟ್ಟೆಯ ಗಂಟೊಂದು ತೂಗುತ್ತದೆ. ಅದರಲ್ಲಿ ವಿಭೂತಿ ಗಟ್ಟಿ ಇರಬಹುದು, ಹಳೆಯ ಮಣಿ ಇರಬಹುದು. ಅವಳ ಅಂಗಡಿಯಲ್ಲಿ ಹಳದಿ ಬಟ್ಟೆಗೇನು ಕಡಿಮೆ? ಫೋಟೊ ತೆಗೆದ ಮರುವಾರ ಮಾರುವ ಸಾಲಿನಲ್ಲಿ ಆ ಕೆಂಪು ಮಣಿಯ ಬಾಸಿಂಗ ಇರಲಿಲ್ಲ, ಅದು ಮಾತ್ರ ನನಗೆ ಗೊತ್ತು. ಮೂಸಿ ನದಿಯ ನೀರಿಗೆ ಬಿಟ್ಟಿರಬಹುದು. ಚಿತ್ರಕ್ಕೆಂದು ಕಟ್ಟಿದ್ದು ಕಟ್ಟಿದಂತಲ್ಲ ಎಂದು ಬಿಚ್ಚಿ, ಮಣಿಗಳನ್ನು ಬೇರೆಯದಕ್ಕೆ ಹಾಕಿರಲೂಬಹುದು. ಇದನ್ನೆಲ್ಲ ಊಹಿಸುವ ಹಕ್ಕು ನನಗಿದೆಯೇ ಎಂದು ಹಲವು ಸಲ ಯೋಚಿಸಿದ್ದೇನೆ, ಯೋಚಿಸಿಯೂ ಹೋದ ತಿಂಗಳು ಕೇಳಿಯೇಬಿಟ್ಟೆ. ಅತ್ತೆ ಬೆಂಡಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. “ಆ ಕತ್ರಿ ಕೊಡಿಲ್ಲೆ” ಎಂದಳು. ಕೊಟ್ಟೆ. ಕತ್ತರಿಸಿದಳು, ಅಂಟು ಹಚ್ಚಿದಳು, ಜರಿ ಕಾಗದ ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಹೊರಡುವ ಹೊತ್ತಾಯಿತು. ಬರ್ತೀನತ್ತಿ ಎಂದೆ. ಬಾ ನನ್ನವ್ವ ಎಂದಳು. ನಾನು ಕೇಳಿದ್ದು ಇಷ್ಟೇ:

“ಅತ್ತಿ, ಅವತ್ತು ಕಟ್ಟಿಕೊಂಡಿದ್ದಿಯಲ್ಲ, ಆ ಬಾಸಿಂಗ ಏನ್ ಮಾಡಿದಿ?”